ಮೂರು ಹಂದಿ, ಮೂರು ಗಣ: ಹೆಸರಿನಲ್ಲಿ ಕಾಣದ ಸಸ್ತನಿಗಳ ನೆಂಟಸ್ತಿಕೆ

ರಾಮನಗರ: ಕನಕಪುರ ಇಲ್ಲವೇ ಮಾಗಡಿ ಸೀಮೆಯ ಕಾಡಂಚಿನ ಹೊಲಗಳಲ್ಲಿ ಇರುಳು ಮೂರು ಬಗೆಯ 'ಹಂದಿ'ಗಳು ಓಡಾಡುತ್ತವೆ. ಕಡಲೆಕಾಯಿ ಸಾಲನ್ನು ಮೂತಿಯಿಂದ ಉತ್ತುಹಾಕುವುದು ಕಾಡುಹಂದಿ. ಗೆಡ್ಡೆ ಗೆಣಸುಗಳನ್ನು ಬಗೆದು, ಎಳೆ ಗಿಡಗಳ ಬುಡವನ್ನು ಕಡಿದು ಹೋಗುವುದು ಮುಳ್ಳುಹಂದಿ. ಬೆಳೆಯ ಗೊಡವೆಗೇ ಹೋಗದೆ ಬದುವಿನ ಹುತ್ತವನ್ನು ಕೆದರಿ ಗೆದ್ದಲನ್ನೂ ಇರುವೆಯನ್ನೂ ನೆಕ್ಕಿ ಮರೆಯಾಗುವುದು ಚಿಪ್ಪುಹಂದಿ. ಕನ್ನಡದ ಮಾತಿನಲ್ಲಿ ಇವು ಮೂರೂ ಹಂದಿಯೇ. ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಮಾತ್ರ ಮೊದಲನೆಯದು ಹಸುವಿನ ಬಳಗಕ್ಕೆ, ಎರಡನೆಯದು ಇಲಿಯ ಬಳಗಕ್ಕೆ ಸೇರಿದರೆ, ಮೂರನೆಯದಕ್ಕೆ ತನ್ನದೇ ಪ್ರತ್ಯೇಕ ಬಳಗವಿದೆ. ಆ ಬಳಗಕ್ಕೆ ಅತ್ಯಂತ ಹತ್ತಿರದ ನೆಂಟರು ನಾಯಿ, ಬೆಕ್ಕು, ಕರಡಿಗಳು.

ಇದು ಪಂಡಿತರ ಪುಸ್ತಕದೊಳಗಿನ ವಿಚಾರವೆಂದು ತಳ್ಳಿಹಾಕುವಂತಿಲ್ಲ. ಕಾಡುಹಂದಿ ಒಂದೇ ಸೂಲಿಗೆ ನಾಲ್ಕಾರು ಮರಿಗಳನ್ನು ಹಾಕುತ್ತದೆ. ಚಿಪ್ಪುಹಂದಿ ಹಾಕುವುದು ಸಾಮಾನ್ಯವಾಗಿ ಒಂದೇ ಮರಿ. ಎರಡನ್ನೂ 'ಹಂದಿ' ಎಂದು ಭಾವಿಸಿ ಒಂದೇ ಬಗೆಯಲ್ಲಿ ಬೇಟೆಯಾಡಿದರೆ ಮೊದಲನೆಯದು ಕೆಲವೇ ವರ್ಷಗಳಲ್ಲಿ ಸಂಖ್ಯೆಯನ್ನು ತುಂಬಿಕೊಳ್ಳುತ್ತದೆ, ಎರಡನೆಯದು ಆ ಸೀಮೆಯಿಂದಲೇ ಅಳಿದುಹೋಗುತ್ತದೆ. ಯಾವ ಪ್ರಾಣಿ ಯಾರ ನೆಂಟ ಎಂಬುದು ತಿಳಿದರೆ ಅದು ಏನು ತಿನ್ನುತ್ತದೆ, ಹೇಗೆ ಹೆರುತ್ತದೆ, ಯಾವ ಬೇಲಿಯನ್ನು ದಾಟುತ್ತದೆ ಎಂಬುದರಲ್ಲಿ ಅರ್ಧಕ್ಕರ್ಧ ತಿಳಿದಂತೆಯೇ.

2007ರಲ್ಲಿ ರಾಮನಗರ ಜಿಲ್ಲೆಯಾಗಿ ರಚನೆಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಪಡೆದ ಈ ಪ್ರದೇಶ ಇಂತಹ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಭಾಗಗಳ ಬಂಡೆಬೆಟ್ಟ, ಕುರುಚಲು ಕಾಡು, ಮಾವಿನ ತೋಪು, ಕಾವೇರಿ ತೀರಗಳನ್ನು ಒಟ್ಟಾಗಿ ನೋಡಿದರೆ ಕಾಡಿನ ಸಸ್ತನಿಗಳ ಒಂಬತ್ತು ಗಣಗಳಾದರೂ ಇಲ್ಲಿ ಸಿಗುತ್ತವೆ. ಊರಿನ ಕತ್ತೆ, ಕುದುರೆಗಳನ್ನು ಸೇರಿಸಿದರೆ ಹತ್ತಾಗುತ್ತದೆ.

ಗಣ ಎಂದರೇನು?

ಮರಿಗೆ ಹಾಲೂಡುವ, ಮೈಮೇಲೆ ಕೂದಲಿರುವ, ಬಿಸಿರಕ್ತದ ಪ್ರಾಣಿಗಳೆಲ್ಲ ಸಸ್ತನಿ ಎಂಬ ವರ್ಗಕ್ಕೆ ಸೇರುತ್ತವೆ. ಜಗತ್ತಿನಲ್ಲಿ ಈವರೆಗೆ 6,500ಕ್ಕೂ ಹೆಚ್ಚು ಸಸ್ತನಿ ಪ್ರಭೇದಗಳನ್ನು ಗುರುತಿಸಲಾಗಿದೆ. ವರ್ಗವನ್ನು ಒಡೆದಾಗ ಸಿಗುವುದು ಗಣ, ಗಣದೊಳಗೆ ಕುಟುಂಬ, ಕುಟುಂಬದೊಳಗೆ ಜಾತಿ, ಅದರೊಳಗೆ ಪ್ರಭೇದ. ಕನ್ನಡದ ವಿಜ್ಞಾನ ಪುಸ್ತಕಗಳು ಬಳಸುತ್ತ ಬಂದಿರುವ ಕ್ರಮ ಇದು. ಈ ಗಣಕ್ಕೂ ಛಂದಸ್ಸಿನ ಗಣಕ್ಕೂ ಸಂಬಂಧವಿಲ್ಲ. ಒಂದೇ ಮೂಲಪುರುಷನಿಂದ ಕವಲೊಡೆದ ದೊಡ್ಡ ಬಳಗ ಎಂಬಷ್ಟೇ ಅರ್ಥ. ಸಸ್ತನಿಗಳ ಗಣಗಳು ಎಷ್ಟು ಎಂಬ ಪ್ರಶ್ನೆಗೆ ತಜ್ಞರು 26ರಿಂದ 29ರವರೆಗೆ ಬೇರೆ ಬೇರೆ ಉತ್ತರ ಕೊಡುತ್ತಾರೆ. ತಿಮಿಂಗಿಲಗಳನ್ನು ಪ್ರತ್ಯೇಕವಾಗಿ ಎಣಿಸಬೇಕೇ, ಚೀಲದ ಸಸ್ತನಿಗಳನ್ನು ಎಷ್ಟಾಗಿ ಒಡೆಯಬೇಕು ಎಂಬಂತಹ ಭಿನ್ನಾಭಿಪ್ರಾಯಗಳೇ ಈ ವ್ಯತ್ಯಾಸಕ್ಕೆ ಕಾರಣ.

ಈ ಏರ್ಪಾಟನ್ನು ಆರಂಭಿಸಿದವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. 1758ರಲ್ಲಿ ಪ್ರಕಟವಾದ ತನ್ನ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಆತ 'ಮಮ್ಮೇಲಿಯ' ಎಂಬ ಹೆಸರನ್ನು ಬಳಕೆಗೆ ತಂದು, ಅದುವರೆಗೆ ಮೀನೆಂದು ಎಣಿಸುತ್ತಿದ್ದ ತಿಮಿಂಗಿಲವನ್ನೂ ಅದರೊಳಗೆ ಸೇರಿಸಿದ. ಆತ ಮಾಡಿದ್ದು ಎಂಟೇ ಗಣಗಳನ್ನು. ಹಲ್ಲಿನ ಸಂಖ್ಯೆ, ಮೊಲೆಯ ಸ್ಥಾನ, ಪಾದದ ರಚನೆಗಳೇ ಆತನಿಗೆ ಆಧಾರ. ಇಂದು ಆ ಪಟ್ಟಿಯನ್ನು ಓದಿದರೆ ನಗು ಬರಬಹುದು. ಮುಂದಿನ ಬಾಚಿಹಲ್ಲು ಇಲ್ಲದವುಗಳೆಂದು ಆನೆ, ಚಿಪ್ಪುಹಂದಿ, ದಕ್ಷಿಣ ಅಮೆರಿಕದ ಸ್ಲಾತ್‌ಗಳನ್ನು 'ಬ್ರೂಟ' ಎಂಬ ಒಂದೇ ಗಣದಲ್ಲಿ ಕೂರಿಸಿದ್ದ. ಖಡ್ಗಮೃಗವನ್ನು ಇಲಿ, ಮೊಲಗಳ ಜತೆಗೆ ಇಟ್ಟಿದ್ದ. ಬಾವಲಿಯನ್ನು ಮನುಷ್ಯ, ಕೋತಿಗಳೊಂದಿಗೆ ಸೇರಿಸಿದ್ದ. ಎದೆಯಲ್ಲಿ ಎರಡೇ ಮೊಲೆಗಳಿರುವುದು ಬಾವಲಿಗೆ ಆ ಗೌರವ ತಂದುಕೊಟ್ಟ ಸಂಗತಿಗಳಲ್ಲೊಂದು.

ಹಾಗೆಂದು ಆತನನ್ನು ಹಗುರವಾಗಿ ಕಾಣುವುದು ತರವಲ್ಲ. ಏಷ್ಯಾದ ಆನೆಗೆ ಆತ ಕೊಟ್ಟ 'ಎಲಿಫಾಸ್ ಮ್ಯಾಕ್ಸಿಮಸ್' ಎಂಬ ಹೆಸರೇ ಇಂದಿಗೂ ಚಲಾವಣೆಯಲ್ಲಿದೆ. ಆದರೆ ಆ ಹೆಸರಿನ ಕತೆಯಲ್ಲೂ ಒಂದು ಎಡವಟ್ಟಿದೆ. ಆತ ನೋಡಿದ್ದ, ಸ್ಟಾಕ್‌ಹೋಮ್‌ನಲ್ಲಿ ದ್ರಾವಣದಲ್ಲಿ ಕಾಪಿಟ್ಟಿರುವ ಆನೆಯ ಭ್ರೂಣವನ್ನು ವಿಜ್ಞಾನಿಗಳು ಅಣುಮಟ್ಟದಲ್ಲಿ ಪರೀಕ್ಷಿಸಿ, ಅದು ಆಫ್ರಿಕದ ಆನೆಯ ಮರಿ ಎಂದು 2013ರಲ್ಲಿ ಪ್ರಕಟಿಸಿದರು. ಏಷ್ಯಾದ ಆನೆಯ ಹೆಸರಿಗೆ ಆಧಾರವಾಗಿ ಇಟಲಿಯ ಫ್ಲಾರೆನ್ಸ್‌ನಲ್ಲಿರುವ ಬೇರೊಂದು ಅಸ್ಥಿಪಂಜರವನ್ನು ಗೊತ್ತುಪಡಿಸಬೇಕಾಯಿತು.

ಬೆಟ್ಟದ ಕರಡಿ 'ಸ್ಲಾತ್' ಆಗಿದ್ದ ಕಾಲ

ರಾಮನಗರದ ಬಂಡೆಗಳೆಂದರೆ ಹಲವರಿಗೆ ನೆನಪಾಗುವುದು 1975ರಲ್ಲಿ ತೆರೆಕಂಡ 'ಶೋಲೆ'. ಭೂವಿಜ್ಞಾನಿಗಳಿಗೆ ಇವು ಊರಿನ ಹಳೆಯ ಹೆಸರನ್ನೇ ಹೊತ್ತ 'ಕ್ಲೋಸ್‌ಪೇಟೆ ಗ್ರಾನೈಟ್'ನ ಬೆಟ್ಟಗಳು. ಅವುಗಳ ನಡುವಿನ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾಯಿತು. ಈ ಬಂಡೆಗಳ ಗವಿಗಳಲ್ಲಿ ಕರಡಿಗಳೂ ಇವೆ. ಜೇನು, ಗೆದ್ದಲು, ಹಣ್ಣು ಹಂಪಲು ಇವುಗಳ ಆಹಾರ. ಕತ್ತಲಾದ ಮೇಲೆ ಹೊಲ ತೋಟಗಳತ್ತ ಇಳಿಯುವುದುಂಟು.

ಈ ಕರಡಿಯನ್ನು 1791ರಲ್ಲಿ ಮೊದಲ ಬಾರಿಗೆ ವೈಜ್ಞಾನಿಕವಾಗಿ ವರ್ಣಿಸಿದ ಇಂಗ್ಲೆಂಡಿನ ಜಾರ್ಜ್ ಶಾ ಅದನ್ನು ಕರಡಿ ಎಂದು ಕರೆಯಲೇ ಇಲ್ಲ. ಉದ್ದನೆಯ ಉಗುರು ಹಾಗೂ ಮೇಲ್ದವಡೆಯಲ್ಲಿ ನಡುವಿನ ಎರಡು ಬಾಚಿಹಲ್ಲುಗಳ ಕೊರತೆಯನ್ನು ಕಂಡು, ಮರಕ್ಕೆ ಜೋತುಬೀಳುವ ದಕ್ಷಿಣ ಅಮೆರಿಕದ ಸ್ಲಾತ್‌ಗಳ ಜಾತಿಗೆ ಸೇರಿಸಿ 'ಬ್ರಾಡಿಪಸ್ ಅರ್ಸಿನಸ್' ಎಂದು ಹೆಸರಿಟ್ಟ. ಇದು ಕರಡಿಯೇ ಎಂಬುದು ಬೇಗನೆ ಸ್ಪಷ್ಟವಾಗಿ ಹೆಸರು 'ಮೆಲರ್ಸಸ್' ಎಂದಾಯಿತು. ಆದರೂ ಇಂಗ್ಲಿಷಿನಲ್ಲಿ ಇಂದಿಗೂ ಅದು 'ಸ್ಲಾತ್ ಬೇರ್'. ಕನ್ನಡದವರಿಗೆ ಯಾವ ಗೊಂದಲವೂ ಇರಲಿಲ್ಲ. ಕರಡಿಯನ್ನು ಅವರು ಮೊದಲಿನಿಂದಲೂ ಕರಡಿ ಎಂದೇ ಕರೆದರು.

ಆ ಹಲ್ಲುಗಳ ಕೊರತೆ ದೋಷವಲ್ಲ. ಹುತ್ತವನ್ನು ಬಗೆದು, ಮಣ್ಣನ್ನು ಊದಿ ಸರಿಸಿ, ತುಟಿಗಳನ್ನು ಕೊಳವೆಯಂತೆ ಮಾಡಿ ಗೆದ್ದಲನ್ನು ಸೆಳೆದುಕೊಳ್ಳಲು ಆ ಸಂದು ಅನುಕೂಲ. ಇರುವೆ, ಗೆದ್ದಲುಗಳನ್ನು ತಿನ್ನುವ ಪ್ರಾಣಿಗಳು ಬೇರೆ ಬೇರೆ ಖಂಡಗಳಲ್ಲಿ, ಬೇರೆ ಬೇರೆ ಬಳಗಗಳಿಂದ ಬಂದರೂ ಕಡೆಗೆ ಒಂದೇ ಬಗೆಯ ಉಗುರು, ಮೂತಿ, ನಾಲಿಗೆಗಳನ್ನು ಪಡೆಯುತ್ತವೆ. ವರ್ಗೀಕರಣಕಾರರು ಎರಡು ಶತಮಾನಗಳ ಕಾಲ ಎಡವಿದ್ದು ಬಹುಪಾಲು ಇಲ್ಲಿಯೇ: ಒಂದೇ ಕಸುಬಿನವರನ್ನು ಒಂದೇ ಮನೆತನದವರೆಂದು ತಿಳಿದರು.

ಕರಡಿ ಸೇರಿರುವ ಗಣದ ಹೆಸರು ಕಾರ್ನಿವೊರ, ಅಂದರೆ ಮಾಂಸಾಹಾರಿ ಗಣ. ಈ ಹೆಸರೂ ದಾರಿ ತಪ್ಪಿಸುವಂಥದ್ದೇ. ಗೆದ್ದಲು, ಜೇನು, ಹಣ್ಣು ತಿನ್ನುವ ಕರಡಿಯೂ, ನಾಯಿ ಕುರಿಗಳನ್ನು ಹೊತ್ತೊಯ್ಯುವ ಚಿರತೆಯೂ ಇದೇ ಗಣದವು. ಮಾಂಸವನ್ನು ಕತ್ತರಿಯಂತೆ ಕೊಯ್ಯುವ ದವಡೆಹಲ್ಲಿನ ಜೋಡಿ ಇವುಗಳ ಪೂರ್ವಜರ ಗುರುತು. ಚಿರತೆಯಲ್ಲಿ ಅದು ಹರಿತವಾಗಿ ಉಳಿದಿದೆ, ಕರಡಿಯಲ್ಲಿ ಮೊಂಡಾಗಿದೆ. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 1,879 ಚಿರತೆಗಳಿದ್ದವು. ಮಾಗಡಿ, ರಾಮನಗರದ ಬಂಡೆಬೆಟ್ಟಗಳಲ್ಲಿ ಬೀಡುಬಿಟ್ಟು ಊರಂಚಿನ ನಾಯಿ, ಮೇಕೆಗಳ ಮೇಲೆ ಬದುಕುವವೂ ಈ ಬಗೆಯವೇ.

ಕನ್ನಡದ ಹೆಸರುಗಳು ಈ ಗಣದಲ್ಲಂತೂ ವಿಚಿತ್ರ ಆಟ ಆಡುತ್ತವೆ. ಕಾವೇರಿಯ ನೀರುನಾಯಿ ನಾಯಿಯಲ್ಲ, ಪುನುಗು ಬೆಕ್ಕು ಬೆಕ್ಕಲ್ಲ. ಕಾವೇರಿ ವನ್ಯಜೀವಿಧಾಮದ ಕ್ಯಾಮೆರಾಗಳಿಗೆ 2014ರಲ್ಲಿ ಸಿಕ್ಕಿ ಸುದ್ದಿಯಾದ ತರಕರಡಿ ಕರಡಿಯಲ್ಲ. ಅದು ನೀರುನಾಯಿಯ ಕುಟುಂಬದ್ದು. ನಾಯಿಯಂತೆ ಕಾಣುವ ಕತ್ತೆಕಿರುಬ ನಾಯಿಗಿಂತ ಬೆಕ್ಕು, ಮುಂಗುಸಿಗಳಿಗೆ ಹತ್ತಿರ. ಆದರೂ ಇವೆಲ್ಲವೂ ಒಂದೇ ಗಣದ ಒಳಗಿನ ಗೊಂದಲಗಳು; ಗಣದ ಗೋಡೆಯನ್ನು ದಾಟುವುದಿಲ್ಲ. ಹಂದಿಗಳ ವಿಷಯದಲ್ಲಿ ಆದಷ್ಟು ದೊಡ್ಡ ಪ್ರಮಾದ ಇಲ್ಲಿ ಆಗಿಲ್ಲ.

ಆನೆ: ಒಂಟಿ ಮನೆತನ

ಚನ್ನಪಟ್ಟಣದ ಅರಗಿನ ಬೊಂಬೆಗಳಲ್ಲಿ ಆನೆ, ಕುದುರೆಗಳಿಗೆ ಎಂದೂ ಬೇಡಿಕೆ ಕುಂದಿಲ್ಲ. ಪಟ್ಟಣದಿಂದ ಆಚೆಗೆ, ತೆಂಗಿನಕಲ್ಲು ಮತ್ತು ಕಬ್ಬಾಳು ಅರಣ್ಯಗಳ ಸುತ್ತಲ ಗ್ರಾಮಗಳಲ್ಲಿ ಆನೆ ಎಂಬ ಪದಕ್ಕೆ ಬೇರೆಯೇ ಅರ್ಥವಿದೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಮತ್ತು ಕಾವೇರಿ ವನ್ಯಜೀವಿಧಾಮದ ಕಡೆಯಿಂದ ಬರುವ ಆನೆಗಳು ಇಲ್ಲಿನ ರಾಗಿ, ಬಾಳೆ, ತೆಂಗು, ಮಾವುಗಳನ್ನು ನಾಶಪಡಿಸುವುದು ವರ್ಷವರ್ಷವೂ ಕೇಳಿಬರುವ ದೂರು. ಪ್ರಾಣಹಾನಿಯೂ ಆಗಿದೆ. 2023ರ ಗಣತಿಯಲ್ಲಿ ರಾಜ್ಯದ ಆನೆಗಳ ಅಂದಾಜು ಸಂಖ್ಯೆ 6,395. ದೇಶದಲ್ಲೇ ಅತಿ ಹೆಚ್ಚು.

ಆನೆಯ ಗಣದ ಹೆಸರು ಪ್ರೊಬೊಸಿಡಿಯ, ಅಂದರೆ ಸೊಂಡಿಲುಳ್ಳವು. ಒಂದು ಕಾಲದಲ್ಲಿ ಮ್ಯಾಮತ್, ಮಾಸ್ಟೊಡಾನ್‌ಗಳಂತಹ ಹತ್ತಾರು ಬಗೆಗಳಿಂದ ತುಂಬಿದ್ದ ಈ ಗಣದಲ್ಲಿ ಇಂದು ಬದುಕಿರುವುದು ಮೂರೇ ಪ್ರಭೇದ: ಆಫ್ರಿಕದಲ್ಲಿ ಎರಡು, ಏಷ್ಯಾದಲ್ಲಿ ಒಂದು. ಫ್ರಾನ್ಸಿನ ಕುವಿಯೇ ಎಂಬ ವಿದ್ವಾಂಸ ಆನೆ, ಖಡ್ಗಮೃಗ, ನೀರ್ಗುದುರೆ, ಹಂದಿಗಳನ್ನು 'ದಪ್ಪ ಚರ್ಮದವು' ಎಂದು ಒಟ್ಟುಗೂಡಿಸಿದ್ದುಂಟು. ಕಾಡಂಚಿನ ರೈತರ ಇಬ್ಬರು ಪ್ರಮುಖ ಎದುರಾಳಿಗಳು ಆಗ ಶಾಸ್ತ್ರದಲ್ಲೂ ಒಂದೇ ಕೂಟದಲ್ಲಿದ್ದರು. ಜರ್ಮನಿಯ ಇಲ್ಲಿಗರ್ 1811ರಲ್ಲಿ ಆನೆಯನ್ನು ಪ್ರತ್ಯೇಕಿಸಿದ.

ಆನೆಯ ನಿಜವಾದ ನೆಂಟರು ಯಾರು ಎಂಬುದಕ್ಕೆ ಸಿಕ್ಕ ಉತ್ತರ ಇನ್ನೂ ಅನಿರೀಕ್ಷಿತ. ಆಫ್ರಿಕ ಹಾಗೂ ಅರೇಬಿಯದ ಬಂಡೆಗಳಲ್ಲಿ ವಾಸಿಸುವ, ಮೊಲದಷ್ಟೇ ದೊಡ್ಡದಾದ ಹೈರಾಕ್ಸ್ ಒಂದು. ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ ಸಮುದ್ರದ ಹುಲ್ಲು ಮೇಯುವ ಕಡಲಹಸು ಇನ್ನೊಂದು. ಹೆಸರಿನಲ್ಲಿ ಹಸುವಾದರೂ ಅದು ಬಂಧುತ್ವದಲ್ಲಿ ಆನೆಯ ಕಡೆಯದು. ಎರಡಕ್ಕೂ ಕೆಚ್ಚಲು ಹಿಂಗಾಲುಗಳ ನಡುವೆ ಅಲ್ಲ, ಮುಂಗಾಲುಗಳ ನಡುವೆ ಇದೆ. 1990ರ ದಶಕದ ಕೊನೆಯಲ್ಲಿ ವಂಶವಾಹಿಗಳ ಹೋಲಿಕೆಯಿಂದ ಈ ಬಳಗಗಳನ್ನು ಕೂಡಿಸಿ, ಮೂಲ ನೆಲೆಯ ನೆನಪಿಗೆ 'ಆಫ್ರೊಥೀರಿಯ' ಎಂಬ ಹೆಸರಿಡಲಾಯಿತು. ರಾಮನಗರದ ಸುತ್ತಲಿನ ಸಸ್ತನಿಗಳಲ್ಲಿ ಈ ಮಹಾಬಳಗಕ್ಕೆ ಸೇರಿದ್ದು ಆನೆಯೊಂದೇ.

ಈ ಒಂಟಿತನಕ್ಕೆ ಹೊಲದಲ್ಲೂ ಪರಿಣಾಮವಿದೆ. ಹಸು, ಜಿಂಕೆಗಳಂತೆ ಆನೆ ಮೆಲುಕು ಹಾಕುವುದಿಲ್ಲ. ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಜೀರ್ಣವಾಗದೆ ಹೊರಬೀಳುತ್ತದೆ. ಹೀಗಾಗಿ ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ರಾಗಿ ತೆನೆಯೋ ಬಾಳೆಯೋ ಕಣ್ಣಿಗೆ ಬಿದ್ದರೆ, ಕಡಿಮೆ ಓಡಾಟದಲ್ಲಿ ಹೆಚ್ಚು ಸತ್ತ್ವ ಸಿಗುವ ಆ ಮೇವನ್ನು ಅದು ಬಿಡುವುದಿಲ್ಲ. ಗರ್ಭಧಾರಣೆಯ ಅವಧಿ ಸುಮಾರು 22 ತಿಂಗಳು. ಒಂದು ಮರಿಗೂ ಇನ್ನೊಂದಕ್ಕೂ ನಾಲ್ಕೈದು ವರ್ಷಗಳ ಅಂತರ. ವಿದ್ಯುತ್ ಹರಿಸಿದ ಅಕ್ರಮ ತಂತಿಗೆ ಸಿಲುಕಿ ಸಾಯುವ ಒಂದು ಹೆಣ್ಣಾನೆಯ ನಷ್ಟವನ್ನು ಹಿಂಡು ತುಂಬಿಕೊಳ್ಳಲು ವರ್ಷಗಳೇ ಬೇಕು.

ಬೇಲಿಯ ಲೆಕ್ಕಾಚಾರವೂ ಇದೇ. ಆನೆ ನೆಗೆಯಲಾರದು, ಆ ಒಂದೇ ಮಿತಿಯ ಮೇಲೆ ಆನೆ ಕಂದಕದ ಇಡೀ ಯೋಜನೆ ನಿಂತಿದೆ. ಬನ್ನೇರುಘಟ್ಟದ ಅಂಚಿನಲ್ಲಿ ಹಾಕಿರುವ ರೈಲು ಹಳಿಯ ಬೇಲಿಯದೂ ಅದೇ ತರ್ಕ. ಅದೇ ಹಳಿಗಳ ಸಂದಿನಲ್ಲಿ ಕಾಡುಹಂದಿ ಮರಿಗಳೊಂದಿಗೆ ನುಸುಳುತ್ತದೆ, ಮುಳ್ಳುಹಂದಿ ಸರಾಗವಾಗಿ ಹೋಗುತ್ತದೆ, ಚಿರತೆಗೆ ಅದು ಅಡ್ಡಿಯೇ ಅಲ್ಲ. 'ಬೇಲಿ ಹಾಕಿದರೂ ಹಾವಳಿ ನಿಂತಿಲ್ಲ' ಎಂಬ ದೂರು ಬಂದಾಗ ಹಾವಳಿ ಯಾವ ಗಣದ್ದು ಎಂದು ಮೊದಲು ಕೇಳಬೇಕಾಗುತ್ತದೆ.

ಮಾಗಡಿಯ ಹೋರಿ, ಕಡಲಿನ ತಿಮಿಂಗಿಲ

ಮಾಗಡಿಯ ದನಗಳ ಜಾತ್ರೆಗೆ ಬರುವ ಹಳ್ಳಿಕಾರ್ ಹೋರಿಗಳ ಗೊರಸನ್ನು ಕೊಳ್ಳುವವರು ಎತ್ತಿ ನೋಡುತ್ತಾರೆ. ಎರಡಾಗಿ ಸೀಳಿದ ಆ ಗೊರಸೇ ಆರ್ಟಿಯೊಡ್ಯಾಕ್ಟಿಲ, ಅಂದರೆ ಸಮಗೊರಸಿನ ಗಣದ ಮುದ್ರೆ. ದನ, ಎಮ್ಮೆ, ಕುರಿ, ಮೇಕೆ, ಜಿಂಕೆ, ಕಡವೆ, ಕಾಡೆಮ್ಮೆ, ಕಾಡುಹಂದಿ ಎಲ್ಲವೂ ಇದರೊಳಗೆ. ದೇಹದ ಭಾರ ಒಂದೇ ಬೆರಳಿನ ಮೇಲೆ ಬೀಳುವ ಕುದುರೆ, ಕತ್ತೆಗಳದು ಬೇರೆ ಗಣ, ಹೆಸರು ಪೆರಿಸ್ಸೊಡ್ಯಾಕ್ಟಿಲ. ಪಟ್ಟಣದ ಬೀದಿಗಳಲ್ಲಿ ಕತ್ತೆಯನ್ನು ಹಿಡಿದುಕೊಂಡು ಹಾಲು ಮಾರುತ್ತ ಬರುವವರ ಜತೆಗಿರುವುದು ಖಡ್ಗಮೃಗದ ನೆಂಟ ಎಂಬುದನ್ನು ನಂಬುವುದು ಕಷ್ಟವಾದರೂ ಸತ್ಯ.

ಅದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿದೆ. ಭಾರತದ ಭೂವಿಜ್ಞಾನಿ ಎ. ರಂಗರಾವ್ ಅವರು ಕಾಶ್ಮೀರದ ಕಾಲಾಕೋಟ್ ಬಳಿ ಕಲ್ಲುಗಳನ್ನು ಸಂಗ್ರಹಿಸಿ ಇಟ್ಟಿದ್ದರು. ಅವರ ನಿಧನದ ನಂತರ ಆ ಕಲ್ಲುಗಳು ಅಮೆರಿಕದ ಥೆವಿಸ್ಸನ್ ಎಂಬ ವಿಜ್ಞಾನಿಯ ಕೈಸೇರಿದವು. ಒಡೆದು ನೋಡಿದಾಗ ಸುಮಾರು 4.8 ಕೋಟಿ ವರ್ಷಗಳ ಹಿಂದಿನ, ಸಣ್ಣ ಜಿಂಕೆಯಂತಹ 'ಇಂಡೋಹಯಸ್' ಎಂಬ ಪ್ರಾಣಿಯ ಪಳೆಯುಳಿಕೆಗಳು ಹೊರಬಂದವು. ಗೊರಸಿನ ಕಾಲಿನ ಈ ಜೀವಿಯ ಕಿವಿಯ ಎಲುಬು ಮಾತ್ರ ತಿಮಿಂಗಿಲದ್ದು! 2007ರಲ್ಲಿ ಇದು ಪ್ರಕಟವಾದಾಗ ವಂಶವಾಹಿಗಳು ಮೊದಲೇ ಹೇಳುತ್ತಿದ್ದ ಮಾತಿಗೆ ಮೂಳೆಯ ಸಾಕ್ಷ್ಯವೂ ಗಟ್ಟಿಯಾಯಿತು. ತಿಮಿಂಗಿಲಗಳು ಗೊರಸಿನ ಪ್ರಾಣಿಗಳ ಒಳಗಿನದೇ ಒಂದು ಕವಲು. ಹಸು ಮತ್ತು ತಿಮಿಂಗಿಲಗಳಿಗೆ ಇರುವ ನೆಂಟಸ್ತಿಕೆ ಹಸು ಮತ್ತು ಕುದುರೆಗಳಿಗೆ ಇಲ್ಲ.

ಇಲಿ ಎಂಬ ಹೆಸರಿನ ಮೋಸ

ಸಸ್ತನಿ ಪ್ರಭೇದಗಳಲ್ಲಿ ಐದರಲ್ಲಿ ಎರಡು ಪಾಲು ದಂಶಕಗಳು, ಅಂದರೆ ಜೀವಮಾನವಿಡೀ ಬೆಳೆಯುತ್ತಲೇ ಇರುವ ಬಾಚಿಹಲ್ಲಿನ ಪ್ರಾಣಿಗಳು. ಇಲಿ, ಹೆಗ್ಗಣ, ಅಳಿಲು, ಮುಳ್ಳುಹಂದಿ ಈ ಗಣದವು. ಕನಕಪುರದ ಸಂಗಮದಲ್ಲಿ ಅರ್ಕಾವತಿ ಕಾವೇರಿಗೆ ಸೇರುತ್ತದೆ. ಆ ಕಾವೇರಿ ತೀರದ ಮರಗಳಲ್ಲಿ ಬದುಕುವ ಅಪರೂಪದ ಬೂದು ಬಣ್ಣದ ದೊಡ್ಡ ಅಳಿಲೂ ದಂಶಕವೇ. 'ಬ್ಯಾಂಡಿಕೂಟ್' ಎಂಬ ಇಂಗ್ಲಿಷ್ ಪದ ತೆಲುಗಿನ 'ಪಂದಿಕೊಕ್ಕು', ಅಂದರೆ ಹಂದಿಯಿಲಿ ಎಂಬುದರಿಂದ ಹುಟ್ಟಿ, ಹಡಗೇರಿ ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿನ ಚೀಲದ ಪ್ರಾಣಿಗೆ ಅಂಟಿಕೊಂಡಿತು. ಹೆಸರಿನ ಗೊಂದಲ ಕನ್ನಡದ್ದಷ್ಟೇ ಅಲ್ಲ.

ಮೊಲವನ್ನು ಬಹುಕಾಲ ದಂಶಕವೆಂದೇ ಎಣಿಸಲಾಗಿತ್ತು. ಅದರ ಮೇಲಿನ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಪುಟ್ಟ ಜೋಡಿ ಅಡಗಿರುವುದನ್ನೂ ಇತರ ವ್ಯತ್ಯಾಸಗಳನ್ನೂ ಮುಂದಿಟ್ಟು 1912ರಲ್ಲಿ ಅಮೆರಿಕದ ಗಿಡ್ಲೆ ಅದಕ್ಕೆ ಸ್ವತಂತ್ರ ಗಣದ ಸ್ಥಾನ ನೀಡಬೇಕೆಂದು ವಾದಿಸಿದ. ಆ ವಾದ ನಿಂತಿತು.

ಅಡುಗೆಮನೆಯ ಗೋಡೆಯಂಚಿನಲ್ಲಿ ಚಿಕ್ ಚಿಕ್ ಎನ್ನುತ್ತ ಓಡುವ ಸುಂಡಿಲಿಯ ಕತೆ ಬೇರೆ. ಕೆಲವರು ಇದನ್ನು ಮೂಗಿಲಿ ಎಂದೂ ಕರೆಯುತ್ತಾರೆ. ಚೂಪು ಮೂತಿ, ಸೂಜಿಯಂತಹ ಹಲ್ಲು, ಕಸ್ತೂರಿಯಂಥ ಕಟುವಾಸನೆ. ಇದು ಇಲಿಯೇ ಅಲ್ಲ. ಯೂಲಿಪೊಟೈಫ್ಲ ಎಂಬ ಗಣದ್ದು. ಜಿರಳೆ, ಹುಳುಗಳೇ ಇದರ ಮುಖ್ಯ ಆಹಾರ. ಇಲಿಪಾಷಾಣ ಇಡುವ ಮನೆಗಳಲ್ಲಿ ಇಲಿಯ ಜತೆಗೆ ಜಿರಳೆಯ ಶತ್ರುವೂ ಸಾಯುತ್ತದೆ.

ಅಳಿಲನ್ನೇ ಹೋಲುವ, ಆದರೆ ಅಳಿಲಲ್ಲದ ಜೀವಿಯೊಂದು ದಕ್ಷಿಣ ಭಾರತದ ಒಣ ಬೆಟ್ಟಕಾಡುಗಳಲ್ಲಿದೆ. ಅದರ ವೈಜ್ಞಾನಿಕ ಹೆಸರು 'ಅನಥಾನ ಎಲಿಯೋಟಿ'. ಆ ಹೆಸರಿನಲ್ಲಿರುವುದು ವಾಲ್ಟರ್ ಎಲಿಯಟ್. 1824ರ ಕಿತ್ತೂರು ಸಂಗ್ರಾಮದಲ್ಲಿ ರಾಣಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕಿದ್ದ ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ. ಬಿಡುಗಡೆಯಾದ ಆತ ಮುಂದೆ ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು 1839ರಲ್ಲಿ ಪ್ರಕಟಿಸಿದ. ಆತನ ಹೆಸರು ಹೊತ್ತ ಈ ಜೀವಿಯ ಬಳಗವನ್ನು ಒಮ್ಮೆ ಸುಂಡಿಲಿಗಳ ಜತೆಗೂ, 1945ರಲ್ಲಿ ಸಿಂಪ್ಸನ್ ಎಂಬ ವಿಜ್ಞಾನಿ ಕೋತಿಗಳ ಜತೆಗೂ ಇಟ್ಟರು. ಈಗ ಅದಕ್ಕೆ ಸ್ಕ್ಯಾಂಡೆನ್ಷಿಯ ಎಂಬ ಸ್ವಂತ ಗಣವಿದೆ.

ಬಾವಲಿಯದು ಕೈರಾಪ್ಟೆರ, ಅಂದರೆ ಕೈಯೇ ರೆಕ್ಕೆಯಾದವುಗಳ ಗಣ. ಕೆಲವೆಡೆ ಇದನ್ನು ಹಕ್ಕಿಯೆಂದೂ, ಕೆಲವೆಡೆ ಹಾರುವ ಇಲಿಯೆಂದೂ ಕರೆಯುವುದುಂಟು. ಎರಡೂ ಅಲ್ಲ. ಇಲಿ ಮೂರು ವಾರದಲ್ಲಿ ಮರಿಹಾಕಿದರೆ, ದೊಡ್ಡ ಹಣ್ಣುಬಾವಲಿ ಹೆರುವುದು ವರ್ಷಕ್ಕೆ ಒಂದೇ ಮರಿ. ಹಿಪ್ಪೆಯ ಹೂವಿನ ಪರಾಗಸ್ಪರ್ಶದಲ್ಲೂ ಬೀಜಪ್ರಸಾರದಲ್ಲೂ ಇದರ ಪಾತ್ರವಿದೆ. ಆದರೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಬಹುತೇಕ ಹಣ್ಣುಬಾವಲಿಗಳು ಇಲಿ ಹೆಗ್ಗಣಗಳ ಜತೆಗೆ 'ಪೀಡಕ' ಪ್ರಾಣಿಗಳ ಐದನೇ ಅನುಸೂಚಿಯಲ್ಲಿ ದಶಕಗಳ ಕಾಲ ಉಳಿದಿದ್ದವು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದುಹಾಕಲಾಯಿತು.

ಪಾಪ ಎನ್ನಿಸಿಕೊಂಡ ಬಂಧು

ಮಾಗಡಿಯ ಸಾವನದುರ್ಗದ ಸುತ್ತಲಿನಂತಹ ಒಣಕಾಡು, ಹಳೆಯ ಮರಗಳ ತೋಪುಗಳು ಕಾಡುಪಾಪದ ನೆಲೆ. ಅಂಗೈಯಗಲದ ಮೈ, ಕಡ್ಡಿಯಂತಹ ಕಾಲು, ಮುಖ ತುಂಬುವ ಕಣ್ಣು. ಇದು ಅಳಿಲೂ ಅಲ್ಲ, ಬೆಕ್ಕೂ ಅಲ್ಲ. ಪ್ರೈಮೇಟ್ ಗಣದ್ದು, ಅಂದರೆ ಕೋತಿ, ಮುಸುವ ಹಾಗೂ ಮನುಷ್ಯನ ಗಣದ್ದು. ಮುಂದಕ್ಕೆ ನೋಡುವ ಎರಡು ಕಣ್ಣು, ಹಿಡಿಯಬಲ್ಲ ಬೆರಳು, ಬೆರಳ ತುದಿಯಲ್ಲಿ ಚಪ್ಪಟೆ ಉಗುರು ಇದಕ್ಕೆ ಸಾಕ್ಷಿ. ಕಾಲಿನ ಎರಡನೆಯ ಬೆರಳಿನಲ್ಲಿ ಮಾತ್ರ ಮೈ ಕೆರೆದುಕೊಳ್ಳಲು ಚೂಪಾದ ಉಗುರೊಂದು ಉಳಿದಿದೆ. ಲಿನೇಯಸ್ 1758ರಲ್ಲೇ ಕಾಡುಪಾಪವನ್ನು ಮನುಷ್ಯನ ಗಣದಲ್ಲಿ ಇಟ್ಟಿದ್ದ. ಬಾವಲಿ ಅಲ್ಲಿಂದ ಹೊರಬಿದ್ದರೂ ಕಾಡುಪಾಪ ಉಳಿಯಿತು.

ವಂಶವಾಹಿಗಳು ಹೇಳುವ ಪ್ರಕಾರ ಪ್ರೈಮೇಟ್‌ಗಳು, ಮರದ ಆ ಅಳಿಲಲ್ಲದ ಜೀವಿ, ಮೊಲ ಮತ್ತು ದಂಶಕಗಳು ಒಂದೇ ಮಹಾಬಳಗ. ದನ, ಕುದುರೆ, ನಾಯಿ, ಬಾವಲಿ, ಸುಂಡಿಲಿ, ಚಿಪ್ಪುಹಂದಿಗಳು ಇನ್ನೊಂದು. ಹಟ್ಟಿಯಲ್ಲಿರುವ ಹಸುವಿಗಿಂತ ಕಣಜದಲ್ಲಿರುವ ಇಲಿ ಮನುಷ್ಯನಿಗೆ ಹತ್ತಿರದ ನೆಂಟ ಎಂಬುದು ಎಷ್ಟು ಜನರಿಗೆ ಹಿಡಿಸೀತೋ ಹೇಳಲಾಗದು.

ಕಾಡುಪಾಪದ ಗರ್ಭಾವಧಿ ಐದು ತಿಂಗಳಿಗೂ ಹೆಚ್ಚು. ಇಷ್ಟು ಪುಟ್ಟ ಜೀವಿಗೆ ಇದು ದೀರ್ಘಕಾಲ. ಪ್ರೈಮೇಟ್‌ಗಳ ಲಕ್ಷಣವೇ ಅದು. ಹೆರುವುದು ಒಂದೋ ಎರಡೋ ಮರಿ. ಮಾಟಮಂತ್ರದ ಹೆಸರಿನಲ್ಲಿ ಇದನ್ನು ಹಿಡಿದು ಹಿಂಸಿಸುವ ಕ್ರೂರ ರೂಢಿ ದಕ್ಷಿಣದ ಹಲವೆಡೆ ವರದಿಯಾಗಿದೆ. ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ ಕಾಡುಪಾಪಕ್ಕೆಂದೇ ದೇಶದ ಮೊದಲ ಅಭಯಾರಣ್ಯವನ್ನು ಘೋಷಿಸಿತು. ಬೆಂಗಳೂರಿನಲ್ಲಿ 2014ರಲ್ಲಿ ಆರಂಭವಾದ ಸಾರ್ವಜನಿಕರ ಸಮೀಕ್ಷೆಯೊಂದು ನಗರದ ಹಸಿರು ಆವರಣಗಳಲ್ಲೂ ಇದು ಬದುಕಿರುವುದನ್ನು ದಾಖಲಿಸುತ್ತ ಬಂದಿದೆ. ಕೊಂಬೆಯಿಂದ ಕೊಂಬೆಗೆ ನೆಗೆಯದೆ ನಡೆದೇ ಸಾಗುವ ಪ್ರಾಣಿಯಾದ್ದರಿಂದ ಸಾಲುಮರಗಳ ನಡುವೆ ಒಂದು ಮರ ಕಡಿದರೂ ಇದರ ದಾರಿ ಕಡಿದಂತೆ.

ಇನ್ನು ಉಳಿದದ್ದು ಮೂರನೆಯ 'ಹಂದಿ'. ಚಿಪ್ಪುಹಂದಿಯದು ಫೊಲಿಡೋಟ ಗಣ. ಇಡೀ ಜಗತ್ತಿನಲ್ಲಿ ಇದರ ಪ್ರಭೇದಗಳು ಎರಡಂಕಿಯನ್ನೂ ಮುಟ್ಟುವುದಿಲ್ಲ. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಮೈಮೇಲಿನ ಚಿಪ್ಪು ಮನುಷ್ಯನ ಉಗುರು, ಕೂದಲುಗಳಲ್ಲಿರುವ ಕೆರಾಟಿನ್ ಎಂಬ ವಸ್ತುವಿನದೇ. ಔಷಧಿ ಎಂಬ ನಂಬಿಕೆಗೆ ಬಿದ್ದು ಕಳ್ಳಸಾಗಣೆಯಾಗುತ್ತಿರುವ ಈ ಚಿಪ್ಪಿನ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ತಡೆಯಲು 2016ರಲ್ಲಿ ಎಲ್ಲ ಚಿಪ್ಪುಹಂದಿ ಪ್ರಭೇದಗಳನ್ನೂ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಲು ತೀರ್ಮಾನಿಸಲಾಯಿತು. ಭಾರತದ ಕಾಯ್ದೆಯಲ್ಲಿ ಇದು ಆನೆ, ಚಿರತೆ, ಕರಡಿ, ಕಾಡುಪಾಪಗಳ ಜತೆಗೆ ಮೊದಲನೇ ಅನುಸೂಚಿಯಲ್ಲಿದೆ. ಅಪಾಯ ಕಂಡಾಗ ಓಡದೆ ಚೆಂಡಿನಂತೆ ಸುರುಳಿ ಸುತ್ತಿಕೊಳ್ಳುವುದು ಇದರ ಸ್ವಭಾವ. ಚಿರತೆಯ ಹಲ್ಲಿಗೂ ಸಿಗದ ಆ ಚೆಂಡನ್ನು ಮನುಷ್ಯ ಚೀಲಕ್ಕೆ ಹಾಕಿಕೊಂಡು ಹೊರಡುತ್ತಾನೆ.

ಹೆಸರುಗಳು ಹೀಗೆ ಅಡ್ಡದಾರಿ ಹಿಡಿಸಿದರೂ ಕಾಡಂಚಿನ ರೈತರ ಕಣ್ಣು ಸಾಮಾನ್ಯವಾಗಿ ತಪ್ಪುವುದಿಲ್ಲ. ಬೆಳಗ್ಗೆ ಹೊಲಕ್ಕೆ ಹೋದವರು ಮೊದಲು ನೋಡುವುದು ಹೆಜ್ಜೆಯನ್ನು. ಎರಡು ಗೊರಸಿನ ಗುರುತಿನ ಹಿಂದೆ ಇನ್ನೆರಡು ಚುಕ್ಕೆ ಒತ್ತಿದ್ದರೆ ಕಾಡುಹಂದಿ. ನಾಲ್ಕು ಬೆರಳು, ಉಗುರಿನ ಗುರುತಿಲ್ಲದಿದ್ದರೆ ಚಿರತೆ. ನಾಲ್ಕು ಬೆರಳು, ಉಗುರು ಮೂಡಿದ್ದರೆ ನಾಯಿ. ಐದು ಬೆರಳು, ಉದ್ದ ಉಗುರು ಇದ್ದರೆ ಕರಡಿ. ತಟ್ಟೆಯಗಲದ ದುಂಡು ಗುರುತಾದರೆ ಕೇಳುವುದೇ ಬೇಡ. ಗೊರಸು, ಬೆರಳು, ಉಗುರುಗಳಿಂದ ಬಳಗವನ್ನು ಗುರುತಿಸುವ ಕೆಲಸವನ್ನು ಲಿನೇಯಸ್ ಮಾಡಿದ್ದೂ ಹೆಚ್ಚುಕಡಿಮೆ ಹೀಗೆಯೇ. ಬೆಳೆಹಾನಿಯ ಪರಿಹಾರಕ್ಕೆ ಅರ್ಜಿ ಹಾಕುವವರು ಅರಣ್ಯ ಸಿಬ್ಬಂದಿ ಬಂದು ನೋಡುವವರೆಗೂ ಆ ಹೆಜ್ಜೆ, ಲದ್ದಿಗಳನ್ನು ಅಳಿಸದೆ, ಮೇಲೊಂದು ಬುಟ್ಟಿ ಕವುಚಿಯಾದರೂ ಕಾಪಾಡಿಕೊಳ್ಳುವುದು ಒಳ್ಳೆಯದು.